ಹಳ್ಳದಿಂದ ಬಂದ ರಸ್ತೆ ವರದಿ

ಹಿಮ ನೋಡಿ ಶಾಲೆಗೆ ರಜೆ ಕೊಡುತ್ತಾರೆ ಎಂದು ನಂಬಿರುವವರು ಮಕ್ಕಳು ಮಾತ್ರ. ಪಾಪ, ಮೋಡ ಕಟ್ಟಿದ ರಾತ್ರಿ ಅವು ಪೈಜಾಮ ಒಳಮೈ ಹೊರಗೆ ಮಾಡಿ ಹಾಕಿಕೊಂಡು, ದಿಂಬಿನಡಿ ಚಮಚ ಇಟ್ಟುಕೊಂಡು ಮಲಗುತ್ತವೆ. ಹಾಗೆ ಮಾಡಿದರೆ ಬೆಳಗ್ಗೆ ರಜೆ ಖಂಡಿತವಂತೆ. ದೊಡ್ಡವರ ಪದ್ಧತಿ ಇದಕ್ಕಿಂತ ಶಾಸ್ತ್ರೀಯವಾದದ್ದು. ಅವರು ಪಕ್ಕದ ಊರಿಗೆ ಫೋನು ಮಾಡುತ್ತಾರೆ.

ನ್ಯೂಯಾರ್ಕ್ ರಾಜ್ಯದ ಸರೋವರ ಸೀಮೆಯಲ್ಲಿರುವ ಹಾಲ್ಬರ್ನ್ ಊರಿನ ಶಾಲೆಗಳಿಗೆಲ್ಲ ವೆಂಡೆಲ್ ಹ್ಯಾಸ್ಬ್ರೂಕ್ ಸೂಪರಿಂಟೆಂಡೆಂಟ್; ರಜೆ ಸಾರುವ ಅಧಿಕಾರ ಅವನದು. ಪಕ್ಕದ ಪೈಕ್‌ಫೋರ್ಡ್ ಶಾಲೆಗಳಿಗೆ ಆರ್ಡಿಸ್ ಕೆಟ್ಲರ್. ಇಬ್ಬರೂ ಒಂದು ಕಾಲದಲ್ಲಿ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ಹಿಮ ಬಿದ್ದ ಬೆಳಗ್ಗೆ ಅವಳು ಇವನನ್ನು ಕೇಳುತ್ತಾಳೆ, ಇವನು ಅವಳನ್ನು ಕೇಳುತ್ತಾನೆ. ಇಬ್ಬರೂ ಮುಚ್ಚಿದರೆ ತಪ್ಪು ಆಕಾಶದ್ದು, ಒಬ್ಬರೇ ಮುಚ್ಚಿದರೆ ತಪ್ಪು ಮುಚ್ಚಿದವರದು. ಹೀಗಾಗಿ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂಬ ಪ್ರಶ್ನೆ ಇತ್ಯರ್ಥವಾಗುವ ಹೊತ್ತಿಗೆ ಎಷ್ಟೋ ಸಲ ಹಿಮವೇ ಬೇಸತ್ತು ನಿಂತುಬಿಡುತ್ತಿತ್ತು.

ಜನವರಿಯಲ್ಲಿ ವೆಂಡೆಲ್ ಒಂದು ಪ್ರಮಾದ ಮಾಡಿದ್ದ. ಯಾರನ್ನೂ ಕೇಳದೆ, ಹವಾಮಾನದವರ ಮಾತು ನಂಬಿ ರಜೆ ಸಾರಿದ್ದ. ಮಧ್ಯಾಹ್ನದೊಳಗೆ ಬಿಸಿಲು ಹಲ್ಲು ಕಿರಿಯಿತು. ಊರಿನವರೆಲ್ಲ ಸೇರುವ ಡೈನರ್ ಎಂಬ ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದ ಅವನ ತಟ್ಟೆಯ ಪಕ್ಕ ಶಾಲಾ ಮಂಡಳಿಯ ಅಧ್ಯಕ್ಷ ರಾಸ್ಕೋ ಒಂದು ಸನ್‌ಸ್ಕ್ರೀನ್ ಟ್ಯೂಬ್ ತಂದಿಟ್ಟ.

“ಹಚ್ಕೊಳ್ಳಿ ಸಾರ್, ಇವತ್ತು ಬಿಸಿಲು ಜಾಸ್ತಿ.”

ಡೈನರಿಗೆ ಡೈನರೇ ನಕ್ಕಿತು. ವಸಂತದಲ್ಲಿ ವೆಂಡೆಲ್‌ನನ್ನು ಮುಂದುವರಿಸಬೇಕೋ ಬೇಡವೋ ಎಂದು ಮಂಡಳಿ ತೀರ್ಮಾನಿಸುವುದಿತ್ತು. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ರಾಸ್ಕೋ ನಗುನಗುತ್ತಲೇ ಹೇಳಿದ. ಅಂದಿನಿಂದ ವೆಂಡೆಲ್‌ಗೆ ಕೆಲಸ ಹೋಗುವ ಭಯಕ್ಕಿಂತ ಆ ಟ್ಯೂಬಿನ ಭಯವೇ ಹೆಚ್ಚಾಯಿತು.

ಫೆಬ್ರವರಿಯ ಒಂದು ಬೆಳಗ್ಗೆ ಹಿಮದ ಮೇಲೆ ಮಳೆ ಬಿದ್ದು ಹೆಪ್ಪುಗಟ್ಟಿತ್ತು. ಇಂಥ ದಿನ ಸೂಪರಿಂಟೆಂಡೆಂಟರು ತಾವೇ ಗಾಡಿ ತೆಗೆದುಕೊಂಡು ರಸ್ತೆ ನೋಡಿ ಬರುವುದು ಅಲ್ಲಿಯ ಸಂಪ್ರದಾಯ. ಹೆಂಡತಿ ಲೊರೇನ್ ಬಾಗಿಲಲ್ಲೇ ತಡೆದಳು.

“ಮೆಟ್ಟಿಲ ಮೇಲೇ ನಿಲ್ಲಕ್ಕಾಗ್ತಿಲ್ಲ, ಇನ್ನು ರಸ್ತೆ ನೋಡೋದೇನಿದೆ?”

ಇಂಥ ಮನೆಮದ್ದಿಗೆಲ್ಲ ಬಗ್ಗುವ ಅಧಿಕಾರಿಯೇ ಅವನು? ಹೊರಟ. ಕಲ್ಲುಕ್ವಾರಿಯ ದಿಬ್ಬ ಇಳಿಯುವಾಗ ಬ್ರೇಕ್ ಒತ್ತಿದ. ಗಾಡಿ ಅವನ ಅಭಿಪ್ರಾಯ ಕೇಳದೆ ಹಿಂದುಮುಂದಾಗಿ ತಿರುಗಿ, ಸಾವಕಾಶವಾಗಿ ಜಾರಿ, ರಸ್ತೆ ಪಕ್ಕದ ಹಳ್ಳಕ್ಕೆ ಹಿಂಭಾಗ ಇಳಿಬಿಟ್ಟು ಕೂತಿತು. ಮೈಗೆ ಏನೂ ಆಗಲಿಲ್ಲ, ಕಾಫಿ ಮಾತ್ರ ತೊಡೆಯ ಮೇಲೆ ಚೆಲ್ಲಿತು. ಅದೇ ಹೊತ್ತಿಗೆ ಆರ್ಡಿಸ್ ಫೋನು ಮಾಡಿದಳು.

“ರಸ್ತೆ ಹೆಂಗಿದ್ಯಪ್ಪಾ? ನನ್ನ ಕಾರಿನ ಬಾಗ್ಲೇ ಹೆಪ್ಪುಗಟ್ಟಿ ಕಚ್ಕೊಂಡಿದೆ, ಹೊರಡಕ್ಕಾಗ್ಲಿಲ್ಲ. ನೀನು ಹೇಳ್ದಂಗೆ ಮಾಡ್ತೀನಿ.”

ಹಳ್ಳದಲ್ಲಿದ್ದೇನೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಆ ಮಾತು ಊಟದ ಹೊತ್ತಿಗೆ ಡೈನರು ತಲುಪುತ್ತದೆ, ರಾಸ್ಕೋ ಈ ಸಲ ಈಜುವ ಟ್ಯೂಬೇ ತಂದಿಡುತ್ತಾನೆ. ಸುಮ್ಮನೆ ಮುಚ್ಚು ಎಂದರೆ ಯಾಕೆ, ಏನಾಯಿತು ಎಂದು ಅವಳು ಕೆದಕದೆ ಬಿಡುವವಳಲ್ಲ. ಜಟ್ಟಿ ನೆಲಕ್ಕೆ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

“ಪರ್ವಾಗಿಲ್ಲ ಆರ್ಡಿಸ್,” ಎಂದ, ವಾಲಿದ ಸೀಟಿನಲ್ಲಿ ಒಂದು ಕೈಯಿಂದ ಸ್ಟೀರಿಂಗ್ ಹಿಡಿದು ನೇತಾಡುತ್ತ. “ಸ್ವಲ್ಪ ಜಾರತ್ತೆ ಅಷ್ಟೆ. ನಿಧಾನಕ್ಕೆ ಹೋದ್ರೆ ಹೋಗ್ಬೋದು.”

“ಸರಿ ಹಾಗಾದ್ರೆ, ಬಸ್ ಬಿಡಿಸ್ತೀನಿ.”

ಸ್ವಲ್ಪದರಲ್ಲೇ ಹಿಮ ಗೋರುವ ಲಾರಿ ಬಂತು. ಅದರ ಚಾಲಕ ಓರ್ವಿಲ್ ಪೈಕ್‌ಫೋರ್ಡಿನವನು. ಸರಪಳಿ ಕಟ್ಟುತ್ತ ಒಂದೇ ಮಾತು ಕೇಳಿದ: ನಿಮ್ಮ ಮಕ್ಕಳ ಬಸ್ಸೂ ಇದೇ ದಿಬ್ಬ ಇಳಿಯಬೇಕಲ್ಲವೇ? ವೆಂಡೆಲ್ ಕೂಡಲೇ ಕಚೇರಿಗೆ ಫೋನು ಮಾಡಿ ಹಾಲ್ಬರ್ನ್ ಶಾಲೆಗಳಿಗೆಲ್ಲ ರಜೆ ಸಾರಿಸಿದ.

ಇನ್ನು ಆರ್ಡಿಸ್‌ಗೆ ಹೇಳಬೇಕು. ಫೋನು ಕೈಯಲ್ಲೇ ಇತ್ತು. ಏನೆಂದು ಹೇಳುವುದು? ಮೊದಲು ಗಾಡಿ ಮೇಲೆ ಬರಲಿ ಎಂದುಕೊಂಡ. ಬಂತು. ಪ್ಯಾಂಟಿನ ಕಾಫಿ ಒರೆಸಿಕೊಳ್ಳೋಣ ಎಂದುಕೊಂಡ. ಒರೆಸಿಕೊಂಡ. ರೇಡಿಯೋದಲ್ಲಿ ನಮ್ಮ ರಜೆ ಕೇಳಿ ಅವಳೇ ಅರ್ಥ ಮಾಡಿಕೊಳ್ಳುತ್ತಾಳೆ, ಜಾಣೆ, ಎಂದು ಸಮಾಧಾನ ಮಾಡಿಕೊಂಡ. ಕೊನೆಗೆ ಮನಸ್ಸು ತಡೆಯದೆ ಫೋನು ಮಾಡಿದಾಗ ಅವಳ ಫೋನಿಗೆ ಬಿಡುವಿರಲಿಲ್ಲ. ಅಷ್ಟರಲ್ಲಾಗಲೇ ಪೈಕ್‌ಫೋರ್ಡಿನ ಬಸ್ಸೊಂದು ರಸ್ತೆ ಬಿಟ್ಟು ಬೇಲಿ ಮುರಿದುಕೊಂಡು ಹೊಲಕ್ಕೆ ವಾಲಿತ್ತು. ಪುಣ್ಯಕ್ಕೆ ಯಾರ ಜೀವವೂ ಹೋಗಲಿಲ್ಲ. ಒಂದನೇ ತರಗತಿಯ ಹುಡುಗಿಯೊಬ್ಬಳ ತೋಳು ಮುರಿಯಿತು.

ಆಮೇಲೆ ನೋಡಬೇಕಿತ್ತು ವೆಂಡೆಲ್‌ನ ವೈಭವ. ಡೈನರಿನಲ್ಲಿ ರಾಸ್ಕೋ ಎದ್ದು ನಿಂತು ಅವನ ಮುಂದಾಲೋಚನೆ ಹೊಗಳಿದ, ತನ್ನ ಖರ್ಚಿನಲ್ಲಿ ಸೇಬಿನ ಪೈ ತರಿಸಿದ. ವೆಂಡೆಲ್ ಅದನ್ನು ಮುಟ್ಟದೆ ತಟ್ಟೆ ಪಕ್ಕಕ್ಕೆ ಸರಿಸಿದ. ಮಂಡಳಿ ವಸಂತಕ್ಕೂ ಕಾಯದೆ ಅವನನ್ನು ಒಮ್ಮತದಿಂದ ಮುಂದುವರಿಸಿತು. ಪೈಕ್‌ಫೋರ್ಡಿನಲ್ಲಿ ತಂದೆತಾಯಿಯರು ಸಭೆ ಸೇರಿ ಆರ್ಡಿಸ್‌ಳನ್ನು ಬಾಯಿಗೆ ಬಂದಂತೆ ಬೈದರು. ನಿರ್ಧಾರ ನನ್ನದೇ ಎಂದಳು ಅವಳು. ಬೇರೆ ಯಾರ ಹೆಸರನ್ನೂ ಎತ್ತದೆ ರಾಜೀನಾಮೆ ಕೊಟ್ಟಳು. ಆ ಸಂಜೆ ವೆಂಡೆಲ್‌ಗೆ ಅವಳ ಫೋನು ಬಂತು.

“ನಾನು ಅವತ್ತು ಕೇಳ್ದಾಗ ನೀನೆಲ್ಲಿದ್ದೆ?”

“ದಿಬ್ಬದ ಹತ್ರ.”

“ಹತ್ರ ಅಂದ್ರೆ?”

“ಹಳ್ಳದಲ್ಲಿ.”

“ಓರ್ವಿಲ್ ಹೇಳಿದ್ದ. ನಿನ್ನ ಬಾಯಿಂದ್ಲೇ ಕೇಳೋಣ ಅಂತ ಫೋನ್ ಮಾಡ್ದೆ.” ಅಷ್ಟು ಹೇಳಿ ಫೋನು ಇಟ್ಟುಬಿಟ್ಟಳು.

ಮಾರ್ಚಿನಲ್ಲಿ ಮತ್ತೆ ಹೆಪ್ಪುಗಟ್ಟುವ ಮಳೆ ಬಂತು. ಬೆಳಗ್ಗೆ ವೆಂಡೆಲ್ ಫೋನನ್ನು ಮುಂದಿಟ್ಟುಕೊಂಡು ಕೂತ. ಯಾರೂ ಕೇಳಲಿಲ್ಲ, ಕೇಳಲು ಅವನಿಗೂ ಮುಖವಿರಲಿಲ್ಲ. ಎದ್ದು ಬಾಗಿಲು ತೆಗೆದು ಮೆಟ್ಟಿಲ ಮೇಲೆ ಕಾಲಿಟ್ಟ. ಕಾಲು ಜಾರಿತು. ಒಳಗೆ ಬಂದು ರಜೆ ಸಾರಿದ.

ಊಟದ ಹೊತ್ತಿಗೆ ಚೆನ್ನಾಗಿ ಬಿಸಿಲು ಬಂದಿತ್ತು. ಡೈನರಿನಲ್ಲಿ ರಾಸ್ಕೋ ಕಿಸೆಯಿಂದ ಅದೇ ಟ್ಯೂಬು ತೆಗೆದು ತಟ್ಟೆಯ ಪಕ್ಕ ಇಟ್ಟ. ಜನ ನಗಲು ಶುರುಮಾಡಿದರು. ವೆಂಡೆಲ್ ಮುಚ್ಚಳ ತಿರುಗಿಸಿ, ಅಂಗೈ ತುಂಬ ಹಿಂಡಿಕೊಂಡು, ಎಲ್ಲರ ಎದುರಿಗೇ ಮುಖಕ್ಕೆಲ್ಲ ಹಚ್ಚಿಕೊಂಡ. ಆಮೇಲೆ ಊಟ ಮಾಡಿದ.