ನೈಟ್ರೋಜನ್ ಹಾಕಿಸಿದೆ, ಗಾಳಿ ನೋಡಲಿಲ್ಲ

ಬೆಳಿಗ್ಗೆ ಬಾಗಿಲು ತೆಗೆದರೆ ಕಾರಿನ ಒಂದು ಟೈರು ಸ್ವಲ್ಪ ಕೂತ ಹಾಗೆ ಕಾಣುತ್ತದೆ. ಕಾರಿರುವ ಎಲ್ಲರಿಗೂ ಒಂದಲ್ಲ ಒಂದು ದಿನ ಇದು ಆಗೇ ಆಗುತ್ತದೆ. ಆಗ ನೀವೇನು ಮಾಡುತ್ತೀರಿ? ಕಾಲಲ್ಲಿ ಒಂದು ಸಲ ಒದೆಯುತ್ತೀರಿ. ಗಟ್ಟಿ ಇದೆ ಅನ್ನಿಸುತ್ತದೆ. ಹೊರಟುಬಿಡುತ್ತೀರಿ.

ನಾನೂ ಅದನ್ನೇ ಮಾಡಿದೆ. ಅದೂ ಅಮ್ಮನ ಕಣ್ಣಿನ ಆಪರೇಷನ್ ದಿನ.

ನಮ್ಮಮ್ಮ ಇಪ್ಪತ್ತೆರಡು ವರ್ಷ ಅಂಗಿಗಳಿಗೆ ಕಾಜಾ ಹೊಲಿದವಳು. ಆ ಕಾಜಾದಲ್ಲೇ ನಾನೂ ಅಕ್ಕನೂ ಬೆಳೆದದ್ದು. ಎರಡೂ ಕಣ್ಣಿಗೆ ಪೊರೆ ಬಂದು, ಸೂಜಿಗೆ ದಾರ ಹಾಕುವುದಿರಲಿ, ಎದುರಿಗೆ ನಿಂತವರ ಮೂಗು ಎಲ್ಲಿದೆ ಅಂತ ಕಾಣದ ಹಾಗಾಗಿತ್ತು. ದನಿ ಕೇಳಿ ಮನುಷ್ಯರನ್ನು ಗುರುತು ಹಿಡಿಯುತ್ತಿದ್ದಳು. ದೊಡ್ಡ ಆಸ್ಪತ್ರೆಯಲ್ಲಿ ನಾಲ್ಕು ತಿಂಗಳು ಕಾದ ಮೇಲೆ ಸರದಿ ಸಿಕ್ಕಿತ್ತು. ಹನ್ನೊಂದು ಗಂಟೆಯೊಳಗೆ ಹೋಗಿ ಚೀಟಿ ಕೊಡಬೇಕು. ಕೊಡದಿದ್ದರೆ ಮತ್ತೆ ಸಾಲಿನ ಬಾಲಕ್ಕೆ. ನಮ್ಮ ಮನೆಯಿಂದ ಅಲ್ಲಿಗೆ ಎರಡು ಗಂಟೆಯ ದಾರಿ.

ಎಂಟಕ್ಕೆ ಹೊರಟೆವು. ನಾನು ಬಾಡಿಗೆಗೆ ಓಡಿಸುವ ಕಾರೇ. ಹಿಂದಿನ ಸೀಟಿನಲ್ಲಿ ಅಮ್ಮ, ಮಡಿಲಲ್ಲಿ ಆಸ್ಪತ್ರೆ ಚೀಲ. ಮುಂದೆ ನನ್ನ ಪಕ್ಕ ಭಾವ, ಅಕ್ಕನ ಗಂಡ. ಭಾವನದು ಜೆರಾಕ್ಸ್ ಅಂಗಡಿ. ಊರಿನವರ ಕಾಗದವೆಲ್ಲ ಅವರ ಕೈ ಮೇಲೆ ಹೋಗುವುದರಿಂದ ಊರಿನ ಬುದ್ಧಿಯದ್ದೂ ಒಂದೊಂದು ಕಾಪಿ ತಮ್ಮ ಹತ್ತಿರ ಇದೆ ಅಂತ ಅವರ ನಂಬಿಕೆ. ಮೂರು ತಿಂಗಳ ಹಿಂದೆ ನನ್ನ ಕಾರಿನ ಟೈರುಗಳಿಗೆ ನೈಟ್ರೋಜನ್ ಹಾಕಿಸಿದ್ದೂ ಅವರೇ.

ಅವತ್ತು ಟೈರಿನ ಅಂಗಡಿಯವನು ಹಳೇ ಗಾಳಿ ಬಿಟ್ಟ, ನೈಟ್ರೋಜನ್ ತುಂಬಿಸಿದ, ವಾಲ್ವಿಗೆ ಹಸಿರು ಮುಚ್ಚಳ ಹಾಕಿದ. "ಇನ್ನು ಆರು ತಿಂಗಳು ಟೈರನ್ನ ಮರೆತುಬಿಡಿ ಸರ್. ಒಂದೇ ಒಂದು ಮಾತು, ಇದರ ಮೇಲೆ ಮಾಮೂಲಿ ಗಾಳಿ ಮಾತ್ರ ಹಾಕಿಸಬೇಡಿ. ಮಿಕ್ಸ್ ಆದ್ರೆ ಟೈರೇ ಹಾಳು" ಅಂದ. ಯಾಕೆ ಹಾಳು ಅಂತ ನಾನು ಕೇಳಲಿಲ್ಲ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ನೈಟ್ರೋಜನ್ ಅಂತ ಒಂದು ದೊಡ್ಡ ಪದ ಮುಂದೆ ಬಂದು ನಿಂತರೆ ನನ್ನಂಥವನ ಬಾಯಿಗೆ ತಾನಾಗೇ ಬೀಗ ಬೀಳುತ್ತದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಊರ ಕೊನೆಯ ಬಂಕಿನಲ್ಲಿ ಪೆಟ್ರೋಲ್ ಹಾಕಿಸುವಾಗ ಅಲ್ಲಿನ ಹುಡುಗಿ, "ಅಣ್ಣಾ, ಮುಂದಿನ ಎಡಗಡೆ ಟೈರು ಕಮ್ಮಿ ಇದ್ದ ಹಾಗಿದೆ. ಗಾಳಿ ಹಿಡೀಲಾ? ಫ್ರೀ" ಅಂದಳು.

"ಬೇಡಮ್ಮ, ಅದು ನೈಟ್ರೋಜನ್ನು. ನಿಮ್ಮ ಗಾಳಿ ಹಾಕೋ ಹಾಗಿಲ್ಲ" ಅಂದೆ.

ಭಾವ ಗತ್ತಿನಿಂದ ತಲೆಯಾಡಿಸಿದರು. "ಆಸ್ಪತ್ರೆ ಹತ್ತಿರ ದೊಡ್ಡ ಟೈರಂಗಡಿ ಇದೆ ಕಣಯ್ಯ. ಅತ್ತೆನ ಇಳಿಸಿ, ಅಲ್ಲೇ ನೈಟ್ರೋಜನ್ ಹಿಡಿಸೋಣ."

ಅಂದರೆ ಗಾಳಿ ಕಮ್ಮಿ ಇದೆ ಅಂತ ಗೊತ್ತಿದ್ದೂ, ಪುಕ್ಕಟೆ ಗಾಳಿ ಪಕ್ಕದಲ್ಲೇ ಇದ್ದೂ, ಹೆತ್ತ ತಾಯಿಯನ್ನು ಕೂರಿಸಿಕೊಂಡು ಹೆದ್ದಾರಿಗೆ ಇಳಿದೆ. ಯಾರಾದರೂ ಮಾಡುತ್ತಾರಾ? ನಾನು ಮಾಡಿದೆ.

ಅರ್ಧ ದಾರಿ ಬರುವಷ್ಟರಲ್ಲಿ ಸ್ಟೀರಿಂಗು ಎಡಕ್ಕೆ ಎಳೆಯತೊಡಗಿತು. ರಸ್ತೆಯೇ ಓರೆ ಇದೆ ಅಂತ ಭಾವ ತೀರ್ಪು ಕೊಟ್ಟರು. ಅಷ್ಟರಲ್ಲಿ ಅಮ್ಮ ಹಿಂದಿನಿಂದ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ಲೋ" ಅಂದಳು. ಕಣ್ಣು ಮಂಜಾದವಳ ಮೂಗು ಚುರುಕು. ರಸ್ತೆ ಪಕ್ಕದಲ್ಲಿ ಒಂದು ಚಹಾದಂಗಡಿ ಕಂಡಿತು, ನಿಲ್ಲಿಸಿದೆ.

ಚಹಾದಂಗಡಿಗೆ ಒತ್ತಿಕೊಂಡು ಒಂದು ಪಂಚರ್ ಅಂಗಡಿ. ತಗಡಿನ ಮಾಡು, ನೀರಿನ ತೊಟ್ಟಿ, ಗೋಡೆಗೆ ಒರಗಿಸಿದ ಹಳೇ ಟೈರುಗಳು. ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಲಾರಿಯ ಚಕ್ರಕ್ಕೆ ಬೋಲ್ಟ್ ಬಿಗಿಯುತ್ತಿದ್ದಳು. ನಮ್ಮ ಕಾರು ನಿಂತಿದ್ದೇ ತಡ, ಸ್ಪ್ಯಾನರ್ ಕೈಯಲ್ಲೇ ಹಿಡಿದು ಎದ್ದು ಬಂದಳು. ಆ ದಾರಿಯ ಡ್ರೈವರುಗಳೆಲ್ಲ ಅವಳನ್ನು ಗಾಳಿ ಅಕ್ಕ ಅನ್ನುತ್ತಾರೆ ಅಂತ ಆಮೇಲೆ ಗೊತ್ತಾಯಿತು.

"ತಮ್ಮಾ, ಎಷ್ಟು ದೂರದಿಂದ ಹೀಗೇ ಬಂದೆ?"

"ನಿಮ್ಮನ್ನ ಯಾರು ಕರೆದ್ರು?" ಅಂದೆ. ನನ್ನ ತಲೆಯಲ್ಲಿ ಹನ್ನೊಂದು ಗಂಟೆ ಓಡುತ್ತಿತ್ತು.

ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕೂತು ಹಸಿರು ಮುಚ್ಚಳ ತೆಗೆದು ಗಾಳಿ ಅಳೆಯುವ ಗೇಜ್ ಹಿಡಿದಳು. "ಮೂವತ್ಮೂರು ಇರಬೇಕಾದ ಕಡೆ ಹದಿನಾರು. ಅದೂ ಟೈರು ಬಿಸಿಯಾಗಿರುವಾಗ. ತಣ್ಣಗಾದ್ರೆ ಇನ್ನೂ ಕಮ್ಮಿ. ಬಾ, ಇಲ್ಲಿ ಕೈ ಇಟ್ಟು ನೋಡು."

ಟೈರಿನ ಪಕ್ಕೆಗೆ ಕೈ ಇಟ್ಟವನು ಹಾಗೇ ಕಿತ್ತುಕೊಂಡೆ. ಕಾದ ಇಸ್ತ್ರಿ ಪೆಟ್ಟಿಗೆ ಮುಟ್ಟಿದ ಹಾಗಾಯಿತು.

ಭಾವ ಮಧ್ಯ ಬಂದರು. "ನೋಡಿ ತಾಯಿ, ಅದು ನೈಟ್ರೋಜನ್. ಬಿಸಿನೇ ಆಗಲ್ಲ. ವಿಮಾನದ ಟೈರಿಗೆ ಹಾಕೋದು ಅದನ್ನೇ."

"ಹೌದಾ? ನಿಮ್ಮ ಕಾರು ಮೋಡದ ಮೇಲೆ ಹೋಗತ್ತಾ ಸ್ವಾಮಿ?"

ಚಹಾದಂಗಡಿಯಲ್ಲಿ ಕೂತಿದ್ದವರು ನಕ್ಕರು. ನನಗೆ ಪಿತ್ತ ನೆತ್ತಿಗೇರಿತು. "ಭಾವ, ಹತ್ತಿ. ಇವ್ರಿಗೆ ನಮ್ಮ ಟೈರು ಬಿಚ್ಚಿದ್ರೇ ಹೊಟ್ಟೆ ತುಂಬೋದು" ಅಂದು ಕಾರು ಸ್ಟಾರ್ಟ್ ಮಾಡಿದೆ.

ಅವಳು ಬಾನೆಟ್ಟಿನ ಮುಂದೆ ಬಂದು ನಿಂತುಬಿಟ್ಟಳು. ಕೈಯಲ್ಲಿ ಆ ಸ್ಪ್ಯಾನರು.

"ಹೋಗೋದಾದ್ರೆ ನನ್ನ ಮೇಲೆ ಹತ್ತಿಸ್ಕೊಂಡು ಹೋಗು. ಹಿಂದೆ ಒಬ್ರು ಅಮ್ಮ ಕೂತಿದ್ದಾರೆ. ನೀನು ಎಂಬತ್ತರಲ್ಲಿ ಹೋಗ್ತಿರುವಾಗ ಈ ಟೈರು ಸಿಡಿದ್ರೆ ಕಾರು ಎತ್ತ ತಿರುಗತ್ತೆ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ."

ಜೋರಾಗಿ ಹಾರನ್ ಹೊಡೆದೆ. ಬೈದೆ. ಏನೇನು ಬೈದೆ ಅಂತ ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ. ಅವಳು ಅಲ್ಲಾಡಲಿಲ್ಲ.

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಅಮ್ಮ ತಡಕಾಡಿಕೊಂಡು ಕೆಳಗಿಳಿದಿದ್ದಳು.

"ಅಮ್ಮಾ, ಕೂತ್ಕೋ. ಸರದಿ ತಪ್ಪಿದ್ರೆ ಮತ್ತೆ ನಾಲ್ಕು ತಿಂಗಳು!"

"ತಪ್ಪಿದ್ರೆ ತಪ್ಪಲಿ" ಅಂದಳು ಅಮ್ಮ. "ಆ ಹುಡುಗಿ ದನಿ ಕೇಳು. ಟೈರು ಬಿಚ್ಚಿಸೋ ಆಸೆಗೆ ಯಾರೂ ಕಾರಿಗೆ ಅಡ್ಡ ನಿಲ್ಲಲ್ಲ ಕಣೋ. ಇಳಿ."

ಇಳಿದೆ.

ಜಾಕಿ ಹಾಕಿದಳು, ಚಕ್ರ ಬಿಚ್ಚಿದಳು. ಟೈರಿನಲ್ಲಿ ಒಂದು ಸಣ್ಣ ಮೊಳೆ, ಉಗುರಿನಷ್ಟು ಉದ್ದದ್ದು. ಎಷ್ಟು ದಿನದಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತಿತ್ತೋ ಯಾರಿಗೆ ಗೊತ್ತು. ಟೈರನ್ನು ರಿಮ್ಮಿನಿಂದ ಬಿಡಿಸಿ ಒಳಗೆ ಕೈ ಹಾಕಿ, ಮುಷ್ಟಿ ತುಂಬ ಕಪ್ಪು ಪುಡಿ ತೆಗೆದು ಭಾವನ ಮುಂದೆ ಹಿಡಿದಳು. ಟೈರಿನ ಒಳಗೋಡೆ ಮಡಚಿ ಮಡಚಿ ಅರೆದು ಉದುರಿದ ರಬ್ಬರು. ಒಂದು ಕಡೆ ಒಳಗಿನ ನೂಲೇ ಎದ್ದಿತ್ತು.

"ಇನ್ನು ಇದಕ್ಕೆ ಪಂಚರ್ ಹಾಕಿ ಪ್ರಯೋಜನ ಇಲ್ಲ. ಇದನ್ನ ಎಸೀಬೇಕು" ಅಂದಳು. "ಇನ್ನು ಹತ್ತು ಹದಿನೈದು ಮೈಲಿ ಹೋಗಿದ್ರೆ ನಿಮ್ಮ ಕಥೆ ಬೇರೆ ಇರ್ತಿತ್ತು."

ಭಾವ ಆ ಪುಡಿಯನ್ನು ಬೆರಳಲ್ಲಿ ಮುಟ್ಟಿ ನೋಡಿದರು. "ನೈಟ್ರೋಜನ್ ಸೋರಲ್ಲ ಅಂದಿದ್ರಲ್ಲ..."

"ಮೊಳೆ ಚುಚ್ಚಿದ ಮೇಲೆ ಏನು ತುಂಬಿದ್ರೂ ಸೋರತ್ತೆ. ಒಳಗಿರೋದು ನೈಟ್ರೋಜನ್ನೋ ಗಾಳಿಯೋ ಅಂತ ಮೊಳೆ ಕೇಳ್ಕೊಂಡು ಚುಚ್ಚತ್ತಾ?" ಸ್ಟೆಪ್ನಿ ಹೊರಗೆಳೆಯುತ್ತಾ ಹೇಳಿದಳು. "ಮೊಳೆ ಇಲ್ಲದಿದ್ರೂ ಎಲ್ಲ ಟೈರೂ ತಿಂಗಳಿಗೆ ಒಂದು ಚೂರು ಬಿಡತ್ತೆ. ನೈಟ್ರೋಜನ್ ಸ್ವಲ್ಪ ನಿಧಾನ ಬಿಡತ್ತೆ, ಅದು ನಿಜ. ಆದ್ರೆ ಆ ವ್ಯತ್ಯಾಸ ನಮ್ಮ ನಿಮ್ಮ ಕಾರಿಗೆ ಲೆಕ್ಕಕ್ಕೆ ಬರೋದಲ್ಲ. ವಿಮಾನ ಆಕಾಶದ ಚಳಿಯಿಂದ ಬಂದು ಅಷ್ಟು ವೇಗದಲ್ಲಿ ನೆಲಕ್ಕೆ ಬಡಿಯತ್ತೆ, ಟೈರಲ್ಲಿ ತೇವ ಇರಬಾರದು, ಬೆಂಕಿ ಹತ್ತಬಾರದು. ಅದರ ಕಷ್ಟ ಬೇರೆ."

"ಮತ್ತೆ ಮಿಕ್ಸ್ ಆದ್ರೆ?" ನಾನು ಕೇಳಿದೆ. ಮೂರು ತಿಂಗಳ ಹಿಂದೆ ಕೇಳಬೇಕಿದ್ದ ಪ್ರಶ್ನೆ.

"ಏನು ಮಿಕ್ಸು? ಈಗ ನೀನು ಉಸಿರೆಳೀತಿದ್ದೀಯಲ್ಲ, ಅದರಲ್ಲೇ ನೂರಕ್ಕೆ ಎಪ್ಪತ್ತೆಂಟು ಭಾಗ ನೈಟ್ರೋಜನ್ನು. ಮಾಮೂಲಿ ಗಾಳಿ ಅಂದ್ರೇ ಮುಕ್ಕಾಲು ಪಾಲಿಗಿಂತ ಜಾಸ್ತಿ ಅದು. ಹಾಕಿದ್ರೆ ಏನೂ ಆಗಲ್ಲ. ಇದನ್ನ ನನಗೂ ಯಾರೂ ಹೇಳಿಕೊಡಲಿಲ್ಲ, ಮಗಳ ಶಾಲೆ ಪುಸ್ತಕದಲ್ಲಿತ್ತು. ನಾನು ಐದನೇ ಕ್ಲಾಸು. ಅವಳು ಗಟ್ಟಿಯಾಗಿ ಓದ್ತಿದ್ಲು, ನಾನು ಟ್ಯೂಬು ಉಜ್ಜುತ್ತಾ ಕೇಳಿಸ್ಕೊಂಡೆ."

ನಾನು ಅವಳಿಗಿಂತ ಮೂರು ಕ್ಲಾಸು ಜಾಸ್ತಿ ಓದಿದವನು. ತಲೆ ತಗ್ಗಿಸಿದೆ.

ಸ್ಟೆಪ್ನಿಗೆ ಗೇಜ್ ಹಿಡಿದಳು. ಅದರಲ್ಲಿ ಬರೀ ಹನ್ನೊಂದು! ಡಿಕ್ಕಿಯಲ್ಲಿ ಮಲಗಿದ್ದಲ್ಲೇ ಖಾಲಿಯಾಗಿತ್ತು. ಅದನ್ನು ನೋಡಿದವರು ಯಾರು? ಟೈರನ್ನ ಮರೆತುಬಿಡಿ ಅಂದಿದ್ದನಲ್ಲ ಆ ಅಂಗಡಿಯವನು. ಡ್ರೈವರ್ ಬಾಗಿಲು ತೆರೆದು ಚೌಕಟ್ಟಿಗೆ ಅಂಟಿಸಿದ್ದ ಚೀಟಿ ತೋರಿಸಿದಳು. ಎಷ್ಟು ಗಾಳಿ ಇರಬೇಕು ಅಂತ ಕಾರು ಮಾಡಿದವರೇ ಬರೆದು ಅಂಟಿಸಿದ್ದು. ಎರಡು ವರ್ಷದಿಂದ ದಿನಕ್ಕೆ ಇಪ್ಪತ್ತು ಸಲ ಆ ಬಾಗಿಲು ತೆರೆದಿದ್ದೆ, ಒಂದು ದಿನವೂ ಓದಿರಲಿಲ್ಲ.

"ಹಾಕಲಾ ಮಾಮೂಲಿ ಗಾಳಿ? ಭಾವನೋರು ಒಪ್ತಾರಾ?"

ಭಾವ ಕೈ ಮುಗಿದರು. "ಏನಾದ್ರೂ ಹಾಕಿ ತಾಯಿ. ನನ್ನ ಬಾಯಿಗೂ ಒಂದು ಮುಚ್ಚಳ ಹಾಕಿ."

ಸ್ಟೆಪ್ನಿ ಹಾಕಿ, ಉಳಿದ ಮೂರಕ್ಕೂ ಗಾಳಿ ಸರಿ ಮಾಡಿ ಎದ್ದಾಗ ಅರ್ಧ ಗಂಟೆಯೂ ಆಗಿರಲಿಲ್ಲ. "ಹೊರಡಿ, ನಿಧಾನ ಹೋಗಿ. ನಾಳೇನೇ ಹೊಸ ಟೈರು ಹಾಕಿಸ್ಕೊಳ್ಳಿ" ಅಂದು ಮತ್ತೆ ಲಾರಿ ಚಕ್ರದ ಮುಂದೆ ಕೂತಳು. ನಾನು ಬೈದದ್ದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ.

ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ಆಸ್ಪತ್ರೆಯ ಕಿಟಕಿಯಲ್ಲಿ ಚೀಟಿ ಕೊಟ್ಟೆ. ಅಮ್ಮನನ್ನು ಒಳಗೆ ಕರೆದುಕೊಂಡು ಹೋದರು. ನಾನು ಹೊರಗೆ ಬೆಂಚಿನ ಮೇಲೆ ಕೂತೆ. ಭಾವ ಪಕ್ಕಕ್ಕೆ ಬಂದು ನನ್ನ ಕೈ ಮೇಲೆ ತಮ್ಮ ಕೈ ಇಟ್ಟು ಕೂತರು.

ವಾರ ಕಳೆದು, ಕಣ್ಣು ತೋರಿಸಿಕೊಂಡು ಬರಲು ಮತ್ತೆ ಅದೇ ದಾರಿಯಲ್ಲಿ ಹೋದೆವು. ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ, ಗೇಜ್ ಹಿಡಿದು ಐದೂ ಚಕ್ರ ನೋಡಿದವರು ಭಾವ. ವಾಪಸು ಬರುವಾಗ ಪಂಚರ್ ಅಂಗಡಿ ಮುಂದೆ ನಿಲ್ಲಿಸಿದೆ. ಏನೇನೋ ಹೇಳಬೇಕು ಅಂತ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಅವಳ ಎದುರಿಗೆ ನಿಂತಾಗ, "ಅಕ್ಕಾ, ಅವತ್ತು ತಪ್ಪಾಯ್ತು" ಅಂದೆ, ಅಷ್ಟೇ.

"ಯಾವತ್ತು?" ಅಂದಳು ಆ ಪುಣ್ಯಾತ್ಮಗಿತ್ತಿ.

ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಮುಂದೆ ಹೋದಳು. ಯಾರ ಕೈಯನ್ನೂ ಹಿಡಿಯದೆ ಹೋದಳು. ಎರಡೂ ಕೈಯಲ್ಲಿ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಅವತ್ತು ನಿನ್ನ ದನಿ ಒಂದೇ ಕೇಳಿದ್ದು ಮಗಳೇ. ತಾಳು, ಮುಖ ನೋಡ್ತೀನಿ."

ಗಾಳಿ ಅಕ್ಕ ಮಸಿ ಮೆತ್ತಿದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ನೋಡಿ ಮುಗಿಯುವವರೆಗೂ ಅಲ್ಲಾಡದೆ ನಿಂತಳು.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೈಟ್ರೋಜನ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಪುಕ್ಕಟೆ ಹಾಕಿಕೊಟ್ಟರೆ ಹಾಕಿಸಿಕೊಳ್ಳಿ. ಆದರೆ ಅದಕ್ಕಾಗಿ ದುಡ್ಡು ಸುರಿಯಬೇಡಿ, ಅದನ್ನು ನಂಬಿ ಟೈರನ್ನು ಮರೆಯಬೇಡಿ. ಕಮ್ಮಿ ಆದಾಗ ಎಲ್ಲಿ ಗಾಳಿ ಸಿಕ್ಕಿತೋ ಅಲ್ಲೇ ಹಾಕಿಸಿ, ಯಾವ ಗಾಳಿಯಾದರೂ ಸರಿ. ತಿಂಗಳಿಗೆ ಒಂದು ಸಲ, ದೂರ ಹೊರಡುವ ಮುಂಚೆ ಇನ್ನೊಂದು ಸಲ, ಟೈರು ತಣ್ಣಗಿರುವಾಗ, ಬಾಗಿಲ ಚೀಟಿಯಲ್ಲಿ ಇರುವಷ್ಟು ಇದೆಯಾ ಅಂತ ನೋಡಿ. ಒದ್ದು ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗೇಜ್ ಹಿಡಿಯಿರಿ. ಸ್ಟೆಪ್ನಿಯನ್ನೂ ಬಿಡಬೇಡಿ. ಗಾಳಿ ಇಳಿದ ಟೈರಿನ ಮೇಲೆ ದೂರ ಓಡಿಸಿದ್ದರೆ ಬರೀ ಗಾಳಿ ತುಂಬಿಸಿ ಹೊರಡಬೇಡಿ, ಬಿಚ್ಚಿಸಿ ಒಳಗೆ ನೋಡಿಸಿ.

ಯಾರಾದರೂ ದೊಡ್ಡ ಪದ ಹೇಳಿ ನಿಮ್ಮ ಬಾಯಿ ಮುಚ್ಚಿಸಲು ಬಂದರೆ, ಓದಿರಲಿ ಬಿಡಲಿ, ಯಾಕೆ ಅಂತ ಕೇಳಿ. ನಾನು ಕೇಳಲಿಲ್ಲ. ಆದರೂ ನಮ್ಮಮ್ಮ ನಿನ್ನೆ ತನ್ನ ಕೈಯಾರೆ ಸೂಜಿಗೆ ದಾರ ಹಾಕಿದಳು. ನನ್ನ ಬುದ್ಧಿಯಿಂದ ಅಲ್ಲ, ಗುರುತಿಲ್ಲದವಳೊಬ್ಬಳು ನನ್ನ ಬೈಗುಳ ತಿಂದುಕೊಂಡು ಕಾರಿಗೆ ಅಡ್ಡ ನಿಂತಿದ್ದರಿಂದ. ನಿಮ್ಮ ದಾರಿಯಲ್ಲಿ ಅಂಥವಳು ಸಿಗುತ್ತಾಳೆ ಅಂತ ಕಾಯಬೇಡಿ. ಇವತ್ತೇ ಹೋಗಿ ಗಾಳಿ ನೋಡಿಸಿ.