ಉಳಿದಿದ್ದು ಡಿಸ್ಕ್ ಒಂದೇ

ಯಂತ್ರ ಕೆಟ್ಟರೆ ತಲೆ ಮೇಲೆ ಕೈ ಹೊತ್ತು ಕೂರುವ ಆಸಾಮಿಯಲ್ಲ ಮಸ್ತಾನಸಾಬರು. ಹರಿಹರದ ವರ್ಕ್‌ಶಾಪುಗಳ ಲೇತ್ ಮಿಷನ್‌ಗಳನ್ನು ರಿಪೇರಿ ಮಾಡುತ್ತಲೇ ಅವರ ಗಡ್ಡ ಬೆಳ್ಳಗಾಗಿದೆ. ಅವರ ವಿದ್ಯೆಯೆಲ್ಲ ಇಷ್ಟೇ: ಒಂದು ಪಾರ್ಟ್ ಬದಲಿಸು, ಓಡಿಸಿ ನೋಡು, ಓಡದಿದ್ದರೆ ಇನ್ನೊಂದು ಬದಲಿಸು. ತಪ್ಪು ಎಲ್ಲಾದರೂ ಒಂದು ಕಡೆ ಸಿಕ್ಕೇ ಸಿಗುತ್ತದೆ. ಸಿಗದ ಯಂತ್ರ ಇದುವರೆಗೆ ತಮ್ಮ ಕೈಗೆ ಬಂದಿಲ್ಲ ಎಂದು ಅವರು ಊಟಕ್ಕೆ ಕೂತಾಗಲೆಲ್ಲ ಹೇಳುತ್ತಾರೆ. ಮನೆಯವರು ಹೂಂಗುಡುತ್ತಾರೆ.

ಹಾಗಾಗಿ ಮಗ ಬಿಲಾಲ್ ಕಂಪ್ಯೂಟರಿನ ಗುಂಡು ಹಾರಿಸುವ ಆಟದಲ್ಲಿ ಒಂದೇ ಸಮನೆ ಸೋಲತೊಡಗಿದಾಗಲೂ ಅವರು ಆ ವಿದ್ಯೆಯನ್ನೇ ಹಿಡಿದರು. ಮೊದಲು ಮೌಸ್ ಬದಲಾಯಿತು. ಆಮೇಲೆ ಕೀಬೋರ್ಡ್, ರ್‍ಯಾಮ್, ಕೊನೆಗೆ ಗ್ರಾಫಿಕ್ಸ್ ಕಾರ್ಡ್. ಪ್ರತಿ ಸಲವೂ ನಾಲ್ಕು ದಿನ ಎಲ್ಲ ನೆಟ್ಟಗಾದಂತೆ ಕಾಣುವುದು, ಐದನೆಯ ದಿನ ಬಿಲಾಲ್ ಮುಖ ಸಪ್ಪಗೆ ಮಾಡಿಕೊಂಡು ಕೂರುವುದು. ಇನ್ನು ಬದಲಿಸಲು ಉಳಿದಿದ್ದು ಡಿಸ್ಕ್ ಒಂದೇ.

ಆಟವಷ್ಟೇ ತಾನೆ, ಸೋತರೆ ಸೋಲಲಿ ಎನ್ನಬಹುದು. ಆ ಮನೆಯಲ್ಲಿ ಹಾಗೆ ಅನ್ನುವಂತಿರಲಿಲ್ಲ. ಬಿಲಾಲ್‌ಗೆ ಚಿಕ್ಕಂದಿನಿಂದ ಸ್ನಾಯು ಸವೆಯುವ ಕಾಯಿಲೆ. ಮೊದಲು ಓಡುವುದು ನಿಂತಿತು, ಆಮೇಲೆ ನಡೆಯುವುದು. ಈಗ ಇಪ್ಪತ್ತು ದಾಟಿದವನಿಗೆ ವೀಲ್‌ಚೇರೇ ಗತಿ. ಇದಕ್ಕೆ ಮದ್ದಿಲ್ಲ ಎಂದು ಡಾಕ್ಟರು ಎಂದೋ ಹೇಳಿಬಿಟ್ಟಿದ್ದರು. ಆದರೆ ಆಟದೊಳಗೆ ಅವನು ಓಡುತ್ತಿದ್ದ, ಗೋಡೆ ಹಾರುತ್ತಿದ್ದ, ಗುರಿಯಿಟ್ಟರೆ ತಪ್ಪುತ್ತಿರಲಿಲ್ಲ. ಎಲ್ಲೆಲ್ಲಿಯ ಹುಡುಗರೋ ಅವನ ತಂಡ ಸೇರಲು ಕಾಯುತ್ತಿದ್ದರು. ಅವನು ಕೂತಿರುವುದು ವೀಲ್‌ಚೇರಿನಲ್ಲಿ ಎಂಬುದು ಅವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಆ ಆಟವೂ ಕೈಬಿಟ್ಟರೆ ಇವನ ಗತಿಯೇನು ಎಂಬ ಯೋಚನೆ ಅಕ್ಕ ನಿಖತ್‌ಳನ್ನು ಬಿಡುತ್ತಿರಲಿಲ್ಲ.

"ನಂದು ಲೋಡ್ ಆಗೋದ್ರಾಗೆ ಅವ್ರೆಲ್ಲ ಇಳ್ದು ಗನ್ ಹಿಡ್ಕೊಂಡು ನಿಂತಿರ್ತಾರೆ ಆಪಾ," ಎಂದು ಬಿಲಾಲ್ ಅಕ್ಕನಿಗೆ ಹೇಳಿದ್ದ. "ಹಿಂಗಾದ್ರೆ ಹೆಂಗೆ ಗೆಲ್ಲೋದು?"

ಅದು ಸುಳ್ಳೇನೂ ಅಲ್ಲ. ಹಳೆಯ ಹಾರ್ಡ್ ಡಿಸ್ಕ್ ಕರಕರ ಎನ್ನುತ್ತ ಆಟ ತೆರೆಯುವಷ್ಟರಲ್ಲಿ ನಿಖತ್ ಒಂದು ಬ್ಲೌಸಿಗೆ ಹುಕ್ಕು ಹಚ್ಚಿ ಮುಗಿಸಬಹುದಿತ್ತು. ಹೊಲಿಗೆ ಕೆಲಸ ಬದಿಗಿಟ್ಟು ಅವಳು ದಾವಣಗೆರೆಯ ಬಸ್ಸು ಹತ್ತಿದಳು.

ಸರಸ್ವತಿ ನಗರದಲ್ಲಿ ಅಂಜನ್ ಕುಮಾರ್ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಅಂಗಡಿ ಇಟ್ಟಿದ್ದ. ಅವಳು ಮೊಬೈಲಿನಲ್ಲಿ ತೆಗೆದುಕೊಂಡು ಬಂದಿದ್ದ, ಕಂಪ್ಯೂಟರಿನೊಳಗಿನ ಬೋರ್ಡಿನ ಫೋಟೋವನ್ನು ಹಿಗ್ಗಿಸಿ ನೋಡಿದ. ಆಮೇಲೆ ಎಸ್ಎಸ್‌ಡಿ ಎನ್ನುವ ಹೊಸ ಥರದ ಎರಡು ಡಿಸ್ಕ್ ತಂದು ಮುಂದಿಟ್ಟ.

"ಇದು ಕೇಬಲ್ ಹಾಕಿ ಸಿಗ್ಸೋದ್ರಿ ಮೇಡಂ. ಜಾಗ ಜಾಸ್ತಿ, ಎಲ್ಲಾ ಆಟ ಹಿಡಿಸ್ತೈತೆ. ಇದು ಬೋರ್ಡಿಗೇ ಸೀದಾ ಕೂರೋದು. ಜಾಗ ಅರ್ಧ, ಆದ್ರೆ ಭಾಳ ಫಾಸ್ಟು. ನಿಮ್ ಬೋರ್ಡಿಗೆ ಎರಡೂ ಆಗ್ತಾವೆ."

"ಫಾಸ್ಟ್ ಇರೋದ್ರಾಗೆ ಯಾವುದು ಚಲೋ?"

"ಅದ್ರಾಗೂ ಎರಡು ಥರ ಅದಾವ್ರಿ. ಒಂದಕ್ಕೆ ಮೂರು ವರ್ಷ ವಾರಂಟಿ, ಒಂದಕ್ಕೆ ಐದು. ಎಷ್ಟು ವರ್ಷ ಆಡ್ತಾರೆ ನಿಮ್ಮ ತಮ್ಮ?"

ಗಿರಾಕಿಗಳನ್ನೆಲ್ಲ ಕೇಳುವ ಹಾಗೆಯೇ ಅವನು ಕೇಳಿದ್ದ. ಅವನ ತಪ್ಪೇನೂ ಇರಲಿಲ್ಲ. ನಿಖತ್‌ಗೆ ಆ ಲೆಕ್ಕ ಹಾಕುವುದು ಬೇಡವಾಗಿತ್ತು. ಐದು ವರ್ಷದ್ದೇ ಕೊಡಿ ಎಂದುಬಿಟ್ಟಳು. ಐದು ವರ್ಷ ಎಂದು ಬರೆದಿರುವ ಒಂದು ವಸ್ತುವಾದರೂ ಮನೆಯಲ್ಲಿರಲಿ ಎಂದು ಅವಳಿಗೆ ಅನ್ನಿಸಿತು.

ಪ್ಯಾಕ್ ಮಾಡುತ್ತ ಅಂಜನ್ ಕುಮಾರ್ ಕೇಳಿದ, "ಲೋಡ್ ಆಗೋದು ತಡ, ಅದೊಂದೇ ತಾನೇ ತೊಂದ್ರೆ?"

"ಅದೊಂದೇ ಅಲ್ರಿ. ಎದುರಿಗೇ ನಿಂತವ್ರಿಗೂ ಗುಂಡು ಹೊಡೆಯಾಕೆ ಆಗ್ತಿಲ್ಲ. ಬಟನ್ ಒತ್ತಾಕೆ ಹೋದ್ರೆ ತಡ ಆಗ್ತೈತಂತೆ."

ಅವನ ಕೈ ನಿಂತಿತು. "ಅದು ಡಿಸ್ಕಿಂದ ಅಲ್ರಿ. ಡಿಸ್ಕ್ ಬದಲಾಯ್ಸಿದ್ರೆ ಆಟ ಬೇಗ ತೆರೀತೈತೆ, ಅಷ್ಟೇ. ಒತ್ತೋದು ತಡ ಆಗೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮೌಸ್ ಇರ್ಬೌದು, ನೆಟ್ ಇರ್ಬೌದು. ಆಡೋರ ಕೈನೂ ಇರ್ಬೌದು," ಎಂದು ನಕ್ಕ.

ನಿಖತ್‌ಗೆ ಮೈಯೆಲ್ಲ ಉರಿಯಿತು. ನಿನ್ನನ್ನು ಕೇಳಿದವರ್ಯಾರು ಎನ್ನಬೇಕೆನ್ನಿಸಿತು. ಹಣ ಎಣಿಸಿಟ್ಟು ಡಬ್ಬಿ ತೆಗೆದುಕೊಂಡು ಹೊರಬಿದ್ದಳು. ಬಸ್ಸು ದಾರಿಯಲ್ಲಿನ ಬಾತಿ ಊರು ದಾಟುವವರೆಗೂ ಆ ನಗುವಿನ ಮೇಲೆ ಅವಳ ಸಿಟ್ಟು ಇಳಿಯಲಿಲ್ಲ. ಸಿಟ್ಟು ಇಳಿದ ಮೇಲೆ ಭಯ ಶುರುವಾಯಿತು. ಮಾರುವವನೇ ಹೀಗೆ ಹೇಳಬೇಕಾದರೆ ಅದರಲ್ಲಿ ಅವನಿಗೇನು ಲಾಭ ಎಂದು ಯೋಚಿಸಿದಳು. ಬೇಡವೆಂದರೂ ಬಿಲಾಲ್‌ನ ಕೈ ಕಣ್ಣಮುಂದೆ ಬರುತ್ತಿತ್ತು. ಮೊನ್ನೆ ಆ ಕೈಯಿಂದ ಚಹಾದ ಲೋಟ ಜಾರಿ ಬಿದ್ದಿತ್ತು. ಲೋಟ ಎಣ್ಣೆಯಾಗಿದೆ ಎಂದು ಅಮ್ಮಿ ಬೈದಿದ್ದು ಲೋಟವನ್ನು. ಎಲ್ಲರೂ ಒಪ್ಪಿಕೊಂಡಿದ್ದರು.

ಮನೆಯಲ್ಲಿ ಡಬ್ಬಿ ಬಿಚ್ಚಿದಾಗ ಮಸ್ತಾನಸಾಬರಿಗೆ ನಿರಾಸೆಯಾಯಿತು. ಬೆರಳುದ್ದದ ತೆಳ್ಳನೆಯ ಪಟ್ಟಿ, ಭಾರವೇ ಇಲ್ಲ. ಕಿವಿಯ ಬಳಿ ಹಿಡಿದು ಅಲ್ಲಾಡಿಸಿ ನೋಡಿದರು.

"ಒಳಗೆ ತಿರುಗೋದು ಏನೂ ಇಲ್ಲೇನು ಇದ್ರಾಗೆ?"

"ಇಲ್ಲ ಅಬ್ಬಾ. ತಿರುಗೋದು ಇಲ್ಲ ಅಂತಾನೇ ಫಾಸ್ಟು," ಎಂದ ಬಿಲಾಲ್.

ತಿರುಗದ ಯಂತ್ರದ ಮೇಲೆ ಅವರಿಗೆ ನಂಬಿಕೆ ಬರಲಿಲ್ಲ. ಆದರೂ ಕನ್ನಡಕ ಏರಿಸಿಕೊಂಡು, ಮಗ ಹೇಳಿದ ಹಾಗೆ ಹಳೆಯದನ್ನು ಬಿಚ್ಚಿ, ಇದನ್ನು ಓರೆಯಾಗಿ ತೂರಿಸಿ, ಒತ್ತಿ, ಸಾಸಿವೆ ಗಾತ್ರದ ಸ್ಕ್ರೂ ಬಿಗಿದರು. ವಿಂಡೋಸ್ ಹಾಕಿ ಆಟವನ್ನು ಮತ್ತೆ ಇಳಿಸಿಕೊಳ್ಳಲು ಮರುದಿನ ಮಧ್ಯಾಹ್ನವಾಯಿತು. ಅಂದು ಶುಕ್ರವಾರ. ನಮಾಜು ಮುಗಿಸಿ ಬಂದ ಮಸ್ತಾನಸಾಬರು ಟೋಪಿಯನ್ನೂ ತೆಗೆಯದೆ ಮಗನ ಹಿಂದೆ ನಿಂತರು. ಅಮ್ಮಿ ಶಹರ್ಬಾನು ಒಲೆ ಸಣ್ಣಗೆ ಮಾಡಿ ಬಂದಳು. ನಿಖತ್ ತಮ್ಮನ ಪಕ್ಕದಲ್ಲೇ ಕೂತಳು, ಕೈ ಕಾಣುವ ಕಡೆಗೆ.

ಸ್ವಿಚ್ ಹಾಕಿ ಅಮ್ಮಿ ಕುರ್ಚಿ ಎಳೆದುಕೊಳ್ಳುವಷ್ಟರಲ್ಲಿ ಕಂಪ್ಯೂಟರ್ ಸಿದ್ಧವಾಗಿತ್ತು. ಆಟವೂ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಬಿಲಾಲ್ ಎಲ್ಲರಿಗಿಂತ ಮೊದಲು ಬಯಲಿಗೆ ಇಳಿದಿದ್ದ. ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ.

"ಮಾಶಾಅಲ್ಲಾ," ಎಂದಳು ಅಮ್ಮಿ.

ಮಸ್ತಾನಸಾಬರು ಮಗನ ಭುಜ ತಟ್ಟಿದರು. "ಹೇಳಿರಲಿಲ್ಲೇನು? ಇದೇ ಪಾರ್ಟು ಕೈ ಕೊಡ್ತಿತ್ತು."

ಬಿಲಾಲ್ ಒಂದು ಮನೆಯೊಳಗೆ ಹೊಕ್ಕು ಬಂದೂಕು ಎತ್ತಿಕೊಂಡು ಕಿಟಕಿಯಲ್ಲಿ ಕಾದ. ಸ್ವಲ್ಪ ಹೊತ್ತಿಗೆ ಒಬ್ಬ ಬಂದ. ಬೆನ್ನು ಇತ್ತ ಮಾಡಿಕೊಂಡು ಅಂಗಳದ ನಟ್ಟನಡುವೆ ನಿಂತ. ಗುರಿ ಅವನ ಮೇಲೇ ಇತ್ತು. ನಿಖತ್ ಪರದೆ ಬಿಟ್ಟು ತಮ್ಮನ ಬೆರಳು ನೋಡಿದಳು. ಬೆರಳು ಮೌಸಿನ ಮೇಲಿತ್ತು, ಒತ್ತಲು ನೋಡುತ್ತಿತ್ತು, ಕೆಳಗೆ ಹೋಗುತ್ತಿರಲಿಲ್ಲ. ಬಿಲಾಲ್‌ನ ಹಣೆಯಲ್ಲಿ ಬೆವರು ಒಡೆದಿತ್ತು. ಪರದೆಯಲ್ಲಿ ಎಲ್ಲಿಯೂ ತಡೆಯಿರಲಿಲ್ಲ, ಹುಲ್ಲು ನುಣ್ಣಗೆ ಗಾಳಿಗೆ ಓಲಾಡುತ್ತಿತ್ತು. ಅಂಗಳದಲ್ಲಿದ್ದವನು ಏನೂ ಅವಸರವಿಲ್ಲದೆ ತಿರುಗಿದ, ಕಿಟಕಿ ನೋಡಿದ, ಹೊಡೆದ.

ಬಿಲಾಲ್ ಮತ್ತೆ ಆಡಿದ. ಮತ್ತೆ ಹಾಗೆಯೇ ಆಯಿತು. ಪ್ರತಿ ಸಲವೂ ಆಟ ಥಟ್ಟನೆ ತೆರೆಯುತ್ತಿತ್ತು, ಉಸಿರಾಡಲೂ ಬಿಡುತ್ತಿರಲಿಲ್ಲ.

"ಅಂಗಡಿಯವ ಮೋಸ ಮಾಡ್ಯಾನೆ," ಎಂದರು ಮಸ್ತಾನಸಾಬರು. "ಡಿಸ್ಕ್ ಸರಿ ಇಲ್ಲ ಇದು."

"ಹೂಂ ಅಬ್ಬಾ," ಎಂದಳು ನಿಖತ್, ಅವಸರವಾಗಿ. "ನಾಳೆನೇ ಹೋಗಿ ಬದಲಾಯ್ಸಿಕೊಂಡು ಬರ್ತೀನಿ."

"ಬ್ಯಾಡ ಆಪಾ," ಎಂದ ಬಿಲಾಲ್. "ಡಿಸ್ಕ್ ಚಲೋ ಐತೆ. ಭಾರಿ ಚಲೋ ಐತೆ."

"ಹಂಗಾದ್ರೆ ಮುಂದೆ ಏನು ಬದಲಿಸ್ಬೇಕು? ಹೇಳು, ತರ್ತೀನಿ," ಎಂದರು ಮಸ್ತಾನಸಾಬರು. ಅವರ ದನಿ ಏರಿತ್ತು. ಯಂತ್ರದ ಮುಂದೆ ಅವರ ದನಿ ಏರಿದ್ದನ್ನು ನಿಖತ್ ಎಂದೂ ಕೇಳಿರಲಿಲ್ಲ.

ಬಿಲಾಲ್ ಮೌಸಿನಿಂದ ಕೈ ತೆಗೆಯಲು ನೋಡಿದ. ಅದು ತಾನಾಗಿ ಬರಲಿಲ್ಲ. ಇನ್ನೊಂದು ಕೈಯಿಂದ ಎಳೆದು ತೊಡೆಯ ಮೇಲೆ ಇಟ್ಟುಕೊಂಡ.

"ಎಲ್ಲಾ ಬದಲಾಯ್ಸಿ ಆಯ್ತಲ್ಲ ಅಬ್ಬಾ," ಎಂದ. "ನನಗೆ ಮೌಸ್ ತಂದಾಗ್ಲೇ ಗೊತ್ತಿತ್ತು."

"ಮತ್ಯಾಕ ಹೇಳ್ಲಿಲ್ಲ?" ಎಂದು ಅಮ್ಮಿ ಕೇಳಿದಳು.

"ಹೇಳಿದ್ರೆ ನೀವ್ಯಾರೂ ಪಾರ್ಟ್ ತರ್ತಿರಲಿಲ್ಲ. ಎಲ್ರೂ ನನ್ನ ಕೈನೇ ನೋಡ್ಕೊಂತ ಕೂಡ್ತಿದ್ರಿ."

ಬೇರೆ ಕಡೆ ನೋಡಬೇಕೆಂದು ನಿಖತ್ ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ. ಅಬ್ಬಾ, ಅಮ್ಮಿ, ಅವಳು, ಮೂವರೂ ಅವನ ತೊಡೆಯ ಮೇಲಿದ್ದ ಕೈಯನ್ನೇ ನೋಡುತ್ತಿದ್ದರು.