ಉದ್ದಮೂಗಿಯ ಒಟ್ಟು ತೂಕ

ಸೀಮೆಎಣ್ಣೆ ಬಟ್ಟೆಯಿಂದ ಲಾರಿಯ ಬಾಗಿಲು ಉಜ್ಜುತ್ತಿದ್ದೆ. ಒಳಬದಿಯ ಹಿತ್ತಾಳೆ ತಗಡಿನ ಮೇಲೆ ಐದು ಸಾವಿರ ಕೆ.ಜಿ. ಎಂಬ ಅಂಕಿ ಮಾತ್ರ ಕಾಣುತ್ತಿತ್ತು. ಅದರ ಮೇಲಿನ ಸಾಲನ್ನು ನಮ್ಮವರು ಬಳಿಯುತ್ತ ಬಂದ ಹಸಿರು ಬಣ್ಣ ನುಂಗಿಹಾಕಿತ್ತು. ಆ ಅಂಕಿ ನೋಡಿಯೇ ಎಲ್ಲರೂ ಇದನ್ನು ಐದು ಟನ್ನಿನ ಲಾರಿ ಎನ್ನುತ್ತಿದ್ದರು. ಬಾನೆಟ್ಟು ಮುಂದಕ್ಕೆ ಚಾಚಿದ ಹಳೇ ಕಾಲದ ಗಾಡಿಯಾದ್ದರಿಂದ ಮನೆಯಲ್ಲಿ ಅದರ ಹೆಸರು ಉದ್ದಮೂಗಿ.

ಅದನ್ನು ಕೊಳ್ಳುತ್ತೇನೆಂದು ಬಾವಿ ತೋಡಿಸುವ ಮೇಸ್ತ್ರಿಯೊಬ್ಬರು ಕಾಗದ ಬರೆದಿದ್ದರು. ಬಾವಿಗೆ ಇಳಿಸುವ ಸಿಮೆಂಟ್ ರಿಂಗುಗಳನ್ನು ಗುಡ್ಡದ ಮೇಲಿನಿಂದ ತರಬೇಕು, ಓಡಿಸುವವಳು ತಮ್ಮ ಮಗಳು, ನಾಲ್ಕು ಟನ್ ಹೇರಬಹುದೇ ಎಂದು ಕೇಳಿದ್ದರು. ನಮ್ಮವರು ಉತ್ತರವನ್ನು ಇವತ್ತು ನಾಳೆ ಎಂದು ತಳ್ಳುತ್ತಲೇ ಇದ್ದರು. ಮೇಸ್ತ್ರಿ ಬೇಡವೆಂದರೆ ಲಾರಿಗೆ ಗುಜರಿಯೇ ಗತಿ.

ಬಣ್ಣ ಎದ್ದು ಅಕ್ಷರಗಳು ಕಂಡವು: ‘ಒಟ್ಟು ತೂಕ’.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ನಾದಿನಿ ಬಗ್ಗಿ ಓದಿದಳು.

“ಅಣ್ಣಾ, ಬಾ ಇಲ್ಲಿ. ಒಟ್ಟು ಅಂದ್ರೇನು?”

“ಒಟ್ಟು ಅಂದ್ರೆ ಒಟ್ಟು. ಐದು ಟನ್ ಹೊರ್ತಾಳೆ.”

“ಅವಳ ಮೈತೂಕವೂ ಸೇರಿ ಕಣೋ.”

“ನನಗೇ ಪಾಠ ಹೇಳ್ಬೇಡ. ನಿನಗೆ ಸ್ಪ್ಯಾನರ್ ಹಿಡಿಯೋದು ಕಲಿಸಿದ್ದೇ ನಾನು.”

“ಓದೋದು ಕಲಿಸ್ಲಿಲ್ವಲ್ಲ, ನನ್ನ ಪುಣ್ಯ.”

ಖಾಲಿ ಲಾರಿಯನ್ನು ವೇಬ್ರಿಡ್ಜಿಗೆ ಒಯ್ದೆವು. ಮೂರು ಸಾವಿರದ ಇನ್ನೂರೆಂಬತ್ತು ತೋರಿಸಿತು.

“ಯಂತ್ರ ಕೆಟ್ಟಿದೆ,” ಎಂದರು ನಮ್ಮವರು, ಸ್ಟೀರಿಂಗ್ ಬಿಡದೆ.

“ಮೊದಲು ನೀನು ಇಳಿ. ನಿನ್ನ ಹೊಟ್ಟೆಯನ್ನೂ ಅವಳ ತಲೆಗೆ ಕಟ್ಟಬೇಡ.”

ಇಳಿದರು. ಮೂರು ಸಾವಿರದ ಇನ್ನೂರಕ್ಕೆ ಬಂತು. ತೂಕ ಬರೆಯುವವನೂ ನಕ್ಕುಬಿಟ್ಟ.

ಹೇರಲು ಉಳಿದದ್ದು ಸಾವಿರದ ಎಂಟುನೂರು. ಮೊದಲು ಮರದ ಮೈಯಿದ್ದಾಗ ಇನ್ನಷ್ಟು ಹೊರುತ್ತಿದ್ದಿರಬೇಕು. ಆಮೇಲೆ ಬಲ ಬರಲೆಂದು ನಮ್ಮವರು ಹಲಗೆ ಕೀಳಿಸಿ ದಪ್ಪ ತಗಡು ಹೊಡೆಸಿದರು, ಅಡಿಯಲ್ಲಿ ಕಬ್ಬಿಣದ ತೊಲೆ ಕೊಡಿಸಿದರು. ಗಟ್ಟಿ ಮಾಡಿದಷ್ಟೂ ಅವಳು ತನ್ನನ್ನೇ ಹೊರುವುದು ಹೆಚ್ಚಾಯಿತು.

“ಐದು ಟನ್ ಹೇರಿ ಗುಡ್ಡ ಹತ್ತಿಸಿದೀನಿ. ಒಂದು ಬೋಲ್ಟೂ ಅಲ್ಲಾಡಿಲ್ಲ.”

“ಹತ್ತಿಸಿದ್ದು ಸರಿ ಅಣ್ಣ. ಇಳಿಸಿದ್ದು?”

ಅವರು ಚಕ್ರದ ನಟ್ಟುಗಳನ್ನೇ ನೋಡುತ್ತ ನಿಂತರು.

“ಫಸ್ಟ್ ಗೇರಲ್ಲಿ. ಬ್ರೇಕ್ ಡ್ರಮ್ಮಿಂದ ಹೊಗೆ ಬರ್ತಿತ್ತು. ಅರ್ಧ ದಾರೀಲಿ ಬ್ರೇಕ್ ಪೆಡಲ್ ಪೂರಾ ಕೆಳಗೆ ಹೋಯ್ತು. ಮಣ್ಣಿನ ದಿಬ್ಬಕ್ಕೆ ಒರಗಿಸಿ ನಿಲ್ಲಿಸಿದೆ.”

ಈ ಸಂಗತಿಯನ್ನು ನಾನು ಕೇಳಿದ್ದು ಅದೇ ಮೊದಲು. ಮೇಸ್ತ್ರಿಯ ಕಾಗದಕ್ಕೆ ಉತ್ತರ ಯಾಕೆ ಹೊರಡದೆ ಕೂತಿತ್ತೆಂದು ಆಗ ತಿಳಿಯಿತು.

ಮನೆಗೆ ಬಂದು ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿದೆ. ಅವರು ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ.

“ಸುಮಾರು ಎರಡು ಟನ್ ಅಂತ ಹಾಕು.”

ಪೆನ್ನು ಎತ್ತಿದೆ. “ಸುಮಾರು ಅಂದ್ರೆ ಅವರು ಮೂರು ಹೇರ್ತಾರೆ.”

“ಇದ್ದದ್ದು ಹೇಳಿದ್ರೆ ಕೊಳ್ಳೋದೇ ಇಲ್ಲ. ಗುಜರಿಯವನು ತುಂಡು ತುಂಡು ಮಾಡ್ತಾನೆ ಕಣೇ.”

“ಗೊತ್ತು. ನೀವು ಹೇಳಿ, ಬರೀತೀನಿ.”

ಅವರು ಟೀ ಲೋಟ ಪಕ್ಕಕ್ಕೆ ಸರಿಸಿದರು.

“ಸಾವಿರದ ಎಂಟುನೂರು ಕೆ.ಜಿ. ಓಡಿಸೋ ಹುಡುಗಿಯ ತೂಕವೂ ಅದರೊಳಗೇ ಅಂತ ಬರಿ. ಇಳಿಜಾರಿದ್ರೆ ಇನ್ನೂ ಕಡಿಮೆ. ಬ್ರೇಕ್ ಕೈಕೊಟ್ಟಿದ್ದನ್ನೂ ಬರಿ.”

ಬರೆದೆ. ಅವರು ಸಹಿ ಹಾಕಿ, ಲಕೋಟೆಗೆ ಅಂಟು ತಾವೇ ಹಚ್ಚಿ, ಸೈಕಲ್ ಹತ್ತಿ ಹೋದರು. ಬಂದವರು ಹೊಸಿಲಲ್ಲೇ ನಿಂತು, “ಅಂಚೆ ಡಬ್ಬಿಗೆ ಹಾಕಿದೆ,” ಎಂದರು.